ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಪುಣೆಯಿಂದ ಗೋವಾಕ್ಕೆ: ಮೊದಲ ಸಲ ಎಳೆಯುವವರು ಏನೇನು ನೋಡಿಕೊಳ್ಳಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ನೀವು ಪುಣೆಯ ವಾಕಡ್‌ನಲ್ಲಿದ್ದೀರಿ, ಡೀಸೆಲ್ ಎಸ್‌ಯುವಿ ಇದೆ, ಪರಿಚಯದವರಿಂದ ಎರಡು ಚಕ್ರದ ಸಣ್ಣ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಗಾಡಿ) ಕೊಂಡಿದ್ದೀರಿ. ದೀಪಾವಳಿ ರಜೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ಗದಗಿನಿಂದ ಬರುವ ತಾಯಿಯವರೊಂದಿಗೆ ಬೆಳಗಾವಿ, ಚೋರ್ಲಾ ಘಾಟ್ ಮಾರ್ಗವಾಗಿ ಗೋವಾಕ್ಕೆ ಹೋಗಬೇಕೆಂದಿದ್ದೀರಿ. ಇದುವರೆಗೆ ಏನನ್ನೂ ಎಳೆದು ಅಭ್ಯಾಸವಿಲ್ಲ. ಕಾರಿಗೆ ಶಕ್ತಿ ಸಾಕಾಗುತ್ತದೆಯೇ, ಘಾಟ್ ಏರುತ್ತದೆಯೇ ಎಂಬುದು ನಿಮ್ಮ ಚಿಂತೆ.

ಏರುತ್ತದೆ. ಈಗಿನ ಡೀಸೆಲ್ ಎಂಜಿನ್‌ಗಳಿಗೆ ಏರು ದೊಡ್ಡ ಮಾತಲ್ಲ. ನೀವು ಕೇಳಬೇಕಾದದ್ದು ಇಳಿಯುವ ಮಾತು. ನಾನು ಪುಣೆ ಬಳಿಯ ಚಾಕಣದ ಕಾರ್ಖಾನೆಯೊಂದರ ಬ್ರೇಕ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ನಮ್ಮ ಮನೆಯಲ್ಲೂ ಒಂದು ಸಣ್ಣ ಕ್ಯಾರವಾನ್ ಇದೆ. ಆ ಬಲದ ಮೇಲೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಎಳೆಯುವ ಕೆಲಸದಲ್ಲಿ ಚಾಲಕನ ಕೈಚಳಕಕ್ಕಿಂತ ತೂಕ ಮತ್ತು ವೇಗ ದೊಡ್ಡವು. ತೂಕವನ್ನು ಮನೆ ಬಿಡುವ ಮೊದಲೇ ಸರಿಮಾಡಿಕೊಳ್ಳಬೇಕು, ವೇಗವನ್ನು ಇಳಿಜಾರು ಶುರುವಾಗುವ ಮೊದಲೇ ತಗ್ಗಿಸಿಕೊಳ್ಳಬೇಕು. ಇವೆರಡೂ ತಪ್ಪಿದ ಮೇಲೆ ಎಷ್ಟೇ ಅನುಭವಿಯಾದರೂ ಮಾಡಲು ಉಳಿಯುವುದು ಬಹಳ ಕಡಿಮೆ.

ಕಾರಿನ ಕೈಪಿಡಿಯಿಂದ ಶುರುಮಾಡಿ. ಎಳೆಯಲು ತಯಾರಾದ ಕಾರಾದರೆ ಎಷ್ಟು ಕಿಲೊ ಎಳೆಯಬಹುದೆಂದು ಅದರಲ್ಲಿ ಬರೆದಿರುತ್ತದೆ; ಬ್ರೇಕ್ ಇರುವ ಟ್ರೇಲರ್‌ಗೆ (ಹಿಂದೆ ಕಟ್ಟಿ ಎಳೆಯುವ ಗಾಡಿಗೆ) ಒಂದು ಅಂಕಿ, ಇಲ್ಲದ್ದಕ್ಕೆ ಇನ್ನೊಂದು. ನಮ್ಮಲ್ಲಿ ಮಾರುವ ಎಷ್ಟೋ ಕಾರುಗಳ ಕೈಪಿಡಿಯಲ್ಲಿ ಆ ಅಂಕಿಯೇ ಇರುವುದಿಲ್ಲ. ಹಾಗಿದ್ದರೆ ಆ ಕಾರಿನಿಂದ ಎಳೆಯಬೇಡಿ. ಗ್ಯಾರೇಜಿನವರು ಒಂದು ಗಂಟೆಯಲ್ಲಿ ಕೊಕ್ಕೆ ಬೆಸೆದು ಕೊಡುತ್ತಾರೆ ಎಂದ ಮಾತ್ರಕ್ಕೆ ಕಾರು ಆ ಭಾರಕ್ಕೆ ತಕ್ಕದ್ದಾಗುವುದಿಲ್ಲ. ಅಂಕಿ ಇದ್ದರೂ ಅದರ ಅಂಚಿಗೆ ಹೋಗಬಾರದು. ತುಂಬಿದ ಕ್ಯಾರವಾನ್‌ನ ತೂಕ ಖಾಲಿ ಕಾರಿನ ತೂಕದ ಶೇ 85ನ್ನು ಮೀರದಿರಲಿ ಎಂದು ಬ್ರಿಟನ್ನಿನ ಕ್ಯಾರವಾನ್ ಸಂಘಗಳು ಹೊಸಬರಿಗೆ ಹೇಳುತ್ತವೆ. ಕಾರು 1,800 ಕಿಲೊ ಇದ್ದರೆ ಅದು 1,530 ಕಿಲೊ. ಅಲ್ಲಿನ ರಸ್ತೆಗಳಿಗೆ ಆ ಲೆಕ್ಕ ಸರಿ. ನಮ್ಮ ಘಾಟುಗಳಲ್ಲಿ, ಅದೂ ಮೊದಲ ವರ್ಷ, ಕಾರಿನ ಅರ್ಧ ತೂಕದ ಸುತ್ತಮುತ್ತ ಇರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ತೂಕವನ್ನು ಅಂದಾಜಿಗೆ ಬಿಡಬೇಡಿ. ಭೋಸರಿ, ಚಾಕಣದ ಸುತ್ತ ಲಾರಿಗಳನ್ನು ತೂಗುವ ವಜನ ಕಾಟಾಗಳು ಬೇಕಾದಷ್ಟಿವೆ. ಪ್ರವಾಸಕ್ಕೆ ತುಂಬುವಂತೆಯೇ ಎಲ್ಲವನ್ನೂ ತುಂಬಿ, ಕಾರಿನಿಂದ ಬಿಡಿಸಿ, ಕ್ಯಾರವಾನ್ ಒಂದನ್ನೇ ತೂಗಿಸಿ, ಅದರ ಫಲಕದ ಮೇಲಿನ ಗರಿಷ್ಠ ತೂಕದೊಂದಿಗೆ ಹೋಲಿಸಿ ನೋಡಿ. ಹಾಸಿಗೆ, ಪಾತ್ರೆ, ಬ್ಯಾಟರಿ, ಗ್ಯಾಸ್ ಸಿಲಿಂಡರ್, ಮಕ್ಕಳ ಸೈಕಲ್ ಎಂದು ಸೇರುತ್ತಾ ಹೋದದ್ದು ಕಾಟಾದ ಮೇಲೆ ನಿಂತಾಗಲೇ ತಿಳಿಯುವುದು. ನೀರಂತೂ ಲೀಟರಿಗೆ ಒಂದು ಕಿಲೊ. ಟ್ಯಾಂಕ್ ಖಾಲಿ ಮಾಡಿಕೊಂಡೇ ಹೊರಡಿ, ನೀರು ಗೋವಾದಲ್ಲೂ ಸಿಗುತ್ತದೆ. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದ್ದು. ತಿರುವಿನಲ್ಲಿ ನೀರು ಒಂದು ಬದಿಗೆ ನುಗ್ಗಿ ಗಾಡಿಯನ್ನು ವಾಲಿಸುತ್ತದೆ.

ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಊರಿನಲ್ಲಿ ಚಕ್ಕಡಿಗೆ ಹೇರು ಕಟ್ಟುವುದನ್ನು ನಿಮ್ಮ ತಾಯಿಯವರು ನೋಡಿರುತ್ತಾರೆ: ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಕ್ಯಾರವಾನ್ ಲೆಕ್ಕವೂ ಇದೇ. ಅದರ ಮೂತಿ (ಕಾರಿಗೆ ಸೇರುವ ಮುಂತುದಿ) ಕಾರಿನ ಹಿಂದಿನ ಕೊಂಡಿಯ ಉಕ್ಕಿನ ಗುಂಡಿನ ಮೇಲೆ ಊರುವ ಭಾರ ಒಟ್ಟು ತೂಕದ ಶೇ 5ರಿಂದ 7 ಇರಲಿ ಎನ್ನುವುದು ಬ್ರಿಟನ್ನಿನ ರೂಢಿ. ಅಮೆರಿಕದಲ್ಲಿ ಶೇ 10ರಿಂದ 15 ಎನ್ನುತ್ತಾರೆ. ಸಣ್ಣ ಕ್ಯಾರವಾನ್‌ಗೆ ನಾನು ಶೇ 7ಕ್ಕಿಂತ ಕೆಳಗೆ ಇಳಿಯುವುದಿಲ್ಲ. ತೂಕ 800 ಕಿಲೊ ಆದರೆ 56 ಕಿಲೊ. ಕಾರಿಗೂ ಕೊಂಡಿಗೂ ಈ ಭಾರಕ್ಕೆ ತಮ್ಮದೇ ಮಿತಿಗಳಿರುತ್ತವೆ, ಅವುಗಳಲ್ಲಿ ಚಿಕ್ಕದನ್ನು ಮೀರಬಾರದು. ಅಳೆಯುವುದು ಸುಲಭ: ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಮೈತೂಕ ನೋಡುವ ತೂಕದ ಯಂತ್ರದ ಮೇಲೆ ಗಟ್ಟಿ ಮರದ ತುಂಡನ್ನು ನಿಲ್ಲಿಸಿ, ಕಾರಿಗೆ ಕಟ್ಟಿದಾಗ ಇರುವಷ್ಟೇ ಎತ್ತರದಲ್ಲಿ ಮೂತಿಯನ್ನು ಅದರ ಮೇಲೆ ಊರಿಸಿ. ಭಾರವಾದ ಸಾಮಾನುಗಳು ಚಕ್ರಗಳ ಅಚ್ಚಿನ ಮೇಲೆ, ನೆಲಕ್ಕೆ ತಾಗಿಯೇ ಇರಲಿ. ಮೇಲಿನ ಕಪಾಟಿನಲ್ಲಿ ಬಟ್ಟೆ, ಬಿಸ್ಕತ್ತು ಸಾಕು. ಹಿಂಬದಿಗೆ ಸೈಕಲ್ ನೇತುಹಾಕುವ ಆಸೆ ಬಿಡಿ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಮೂತಿಯ ಭಾರ ಕಡಿಮೆಯಾದ ಕ್ಯಾರವಾನ್ ಓಲಾಡತೊಡಗುತ್ತದೆ. ನಿಧಾನವಾಗಿ ಹೋಗುವಾಗ ಎದ್ದ ಓಲಾಟವನ್ನು ಟೈರುಗಳ ಹಿಡಿತವೇ ಅಡಗಿಸುತ್ತದೆ. ವೇಗ ಏರಿದಂತೆ ಆ ಗುಣ ಕುಗ್ಗುತ್ತದೆ. ಒಂದು ಹಂತ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ ಕಾರಿನ ಹಿಂಭಾಗವನ್ನೇ ಅತ್ತಿತ್ತ ಎಳೆಯುತ್ತದೆ. 60ರಲ್ಲಿ ನೆಟ್ಟಗೆ ಬರುತ್ತಿದ್ದ ಗಾಡಿ 85ರಲ್ಲಿ ಕೈಮೀರುವುದು ಹೀಗೆ. ಅದಕ್ಕೆ ಬೇಕಾದದ್ದು ಒಂದು ಸಣ್ಣ ನೆಪ: ಅಡ್ಡಗಾಳಿ, ರಸ್ತೆಯ ಗುಂಡಿ, ಪಕ್ಕದಲ್ಲಿ ಹಾದುಹೋಗುವ ದೊಡ್ಡ ಬಸ್ಸು. ಪುಣೆ–ಬೆಂಗಳೂರು ಹೆದ್ದಾರಿಯ ಸ್ಲೀಪರ್ ಬಸ್ಸುಗಳು ನಿಮ್ಮನ್ನು ದಾಟುವಾಗ ಗಾಳಿ ಮೊದಲು ಕ್ಯಾರವಾನನ್ನು ಆಚೆ ನೂಕುತ್ತದೆ, ಮರುಕ್ಷಣ ತನ್ನತ್ತ ಸೆಳೆಯುತ್ತದೆ. ಕನ್ನಡಿಯಲ್ಲಿ ಬಸ್ಸು ಕಂಡೊಡನೆ ವೇಗ ಸ್ವಲ್ಪ ಇಳಿಸಿ, ಲೇನಿನ ಎಡ ಅಂಚಿಗೆ ಸರಿಯಿರಿ.

ಓಲಾಟ ಶುರುವಾಗಿಯೇ ಬಿಟ್ಟರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರವಾಗಿ ಹಿಡಿದುಕೊಳ್ಳಿ. ಓಲಾಟದ ಎದುರು ದಿಕ್ಕಿಗೆ ತಿರುಗಿಸಲು ಹೋಗಬೇಡಿ, ಬ್ರೇಕ್ ಮೇಲೆ ಜೋರಾಗಿ ಕಾಲಿಡಬೇಡಿ. ವೇಗ ಹೆಚ್ಚಿಸಿದರೆ ತಾನೇ ನೆಟ್ಟಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಂತ ಮೇಲೆ ಸಾಮಾನು, ಟೈರಿನ ಗಾಳಿ, ಕೊಂಡಿ ಮೂರನ್ನೂ ನೋಡದೆ ಮತ್ತೆ ಹೊರಡಬಾರದು. ಸಮತಟ್ಟಾದ ರಸ್ತೆಯಲ್ಲಿ ಕಾಲು ತೆಗೆದರೆ ವೇಗ ಇಳಿಯುತ್ತದೆ. ಇಳಿಜಾರಿನಲ್ಲಿ ಅದೂ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಓಲಾಟ ಏಳುವಷ್ಟು ವೇಗಕ್ಕೇ ಹೋಗಬಾರದು.

ಈಗ ನನ್ನ ಕಸುಬಿನ ವಿಷಯ. ಮೊದಲು ಕ್ಯಾರವಾನ್‌ಗೆ ಬ್ರೇಕ್ ಇದೆಯೇ ಎಂದು ಬಗ್ಗಿ ನೋಡಿ. ನಮ್ಮಲ್ಲಿ ತಯಾರಾಗುವ ಸಣ್ಣವುಗಳಲ್ಲಿ ಇಲ್ಲದವೂ ಇವೆ. ಇಲ್ಲದಿದ್ದರೆ ಘಾಟಿನ ಮಾತೇ ಬೇಡ. ಇದ್ದರೆ ಅದು ಬಹುಮಟ್ಟಿಗೆ ಓವರ್‌ರನ್ ಬ್ರೇಕ್ ಆಗಿರುತ್ತದೆ: ಕಾರಿನ ವೇಗ ತಗ್ಗಿದಾಗ ಕ್ಯಾರವಾನ್ ಮುಂದಕ್ಕೆ ನೂಕುತ್ತದೆ, ಆ ನೂಕಿಗೆ ಮೂತಿಯ ದಂಡ ಹಿಂದಕ್ಕೆ ಸರಿದು ಕೇಬಲ್ ಎಳೆಯುತ್ತದೆ, ಚಕ್ರದ ಡ್ರಮ್ಮಿನ ಒಳಮೈಗೆ ಲೈನಿಂಗ್ (ಉಜ್ಜಿ ತಡೆಯುವ ಪಟ್ಟಿ) ಒತ್ತುತ್ತದೆ. ವಿದ್ಯುತ್ ಬೇಡ, ಚಾಲಕನ ಕಾಲೂ ಬೇಡ. ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಒಂದು ತೊಂದರೆ ಇದೆ. ಕಾರು ಗೇರಿನಲ್ಲಿ ತಡೆದುಕೊಂಡು ಇಳಿಯುವಾಗಲೂ ಕ್ಯಾರವಾನ್ ಮುಂದಕ್ಕೆ ನೂಕುತ್ತಲೇ ಇರುತ್ತದೆ, ಆದ್ದರಿಂದ ಅದರ ಬ್ರೇಕ್ ಸಣ್ಣಗೆ ಹಿಡಿದೇ ಇರಬಹುದು, ಡ್ರಮ್ ಕಾಯುತ್ತಲೇ ಇರಬಹುದು. ಕಾದ ಲೈನಿಂಗ್‌ನ ಹಿಡಿತ ಸಡಿಲವಾಗುತ್ತದೆ. ಅತ್ತ ಕಾರಿನ ಬ್ರೇಕ್ ದ್ರವ ಹಳೆಯದಾಗಿದ್ದರೆ ಗಾಳಿಯ ತೇವ ಹೀರಿ ಅದರ ಕುದಿಯುವ ಬಿಂದು ಇಳಿದಿರುತ್ತದೆ. ದ್ರವ ಕುದಿದು ಆವಿಯಾದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹೊರಡುವ ಮೊದಲು ದ್ರವ ಬದಲಾಯಿಸಿ, ಡ್ರಮ್ ತೆರೆಸಿ ಲೈನಿಂಗ್ ನೋಡಿಸಿ.

ಇಳಿಯುವ ಕ್ರಮ ಹೀಗೆ. ಇಳಿಜಾರು ಕಾಣುವ ಮೊದಲೇ ವೇಗ ತಗ್ಗಿಸಿ, ಅದೇ ಏರನ್ನು ಹತ್ತಲು ಬೇಕಾಗುತ್ತಿದ್ದ ಗೇರಿಗೆ ಅಥವಾ ಅದಕ್ಕಿಂತ ಕೆಳಗಿನದಕ್ಕೆ ಬನ್ನಿ. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿಗೆ ಹಾಕಿ ಗೇರನ್ನು ಕೆಳಗೇ ಹಿಡಿದಿಡಿ. ಬ್ರೇಕಿನ ಮೇಲೆ ಕಾಲೂರಿಕೊಂಡೇ ಇಳಿಯಬೇಡಿ; ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ತಗ್ಗಿಸಿ, ಪೂರ್ತಿ ಬಿಟ್ಟುಬಿಡಿ. ನಡುವಿನ ಆ ಬಿಡುವಿನಲ್ಲಿ ಗಾಳಿಯಾಡಿ ಬಿಸಿ ಇಳಿಯುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು ತಣಿಯಲು ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿಯುವವರನ್ನು ಘಾಟುಗಳಲ್ಲಿ ಕಾಣುತ್ತೇವೆ. ಅದರಿಂದ ಡ್ರಮ್ ಬಿರುಕು ಬಿಡಬಹುದು.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದರೆ ಏನಾಗುತ್ತದೆಂದು ಪುಣೆಯವರಿಗೆ ಹೇಳಬೇಕಾಗಿಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯ ಕಡೆಗಿನ ಇಳಿಜಾರಿನಲ್ಲಿ 2022ರ ನವೆಂಬರ್ 20ರ ರಾತ್ರಿ ಭಾರವಾದ ಟ್ರಕ್ ಒಂದು ಸುಮಾರು 48 ವಾಹನಗಳಿಗೆ ಗುದ್ದಿತು. ಚಾಲಕ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದನೆಂದು ಆಗ ಪತ್ರಿಕೆಗಳು ವರದಿ ಮಾಡಿದ್ದವು. ನೀವು ಹೋಗುವಾಗ ಆ ಜಾಗ ಏರು. ಬರುವಾಗ, ದಿನವಿಡೀ ಓಡಿಸಿ ದಣಿದು, ಮನೆ ಹತ್ತಿರವಾಯಿತೆಂದು ಮನಸ್ಸು ಸಡಿಲವಾದ ಹೊತ್ತಿನಲ್ಲಿ ಅದು ಇಳಿಜಾರು. ಸುರಂಗದ ಒಳಗಿರುವಾಗಲೇ ಗೇರು ಇಳಿಸಿಕೊಳ್ಳಿ. ಹಿಂದಿನಿಂದ ಹಾರ್ನ್ ಮಾಡುವವರು ಮಾಡಲಿ.

ಕೊಂಡಿ ಹಾಕುವುದನ್ನು ಎಂದೂ ಆತುರದಲ್ಲಿ ಮಾಡಬೇಡಿ. ಗುಂಡು 50 ಮಿಲಿಮೀಟರಿನದೋ 2 ಇಂಚಿನದೋ ನೋಡಿ. 2 ಇಂಚೆಂದರೆ 50.8 ಮಿಲಿಮೀಟರ್, ನೋಟಕ್ಕೆ ಎರಡೂ ಒಂದೇ, ಆದರೆ 2 ಇಂಚಿನ ಮೂತಿ 50ರ ಗುಂಡಿನ ಮೇಲೆ ಸಡಿಲವಾಗಿ ಕೂರುತ್ತದೆ. ಬೀಗ ಬಿದ್ದ ಮೇಲೆ ಮೂತಿಯ ಬಳಿಯ ಪುಟ್ಟ ಚಕ್ರದಿಂದ ಅದನ್ನು ಮೇಲಕ್ಕೆತ್ತಿ ನೋಡಿ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಹಿಡಿದಿದೆ ಎಂದರ್ಥ. ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿ, ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಅವುಗಳ ಮೇಲೆ ನಿಲ್ಲುತ್ತದೆ. ದೀಪಗಳನ್ನು ಒಬ್ಬರು ಹಿಂದೆ ನಿಂತು ನೋಡಲಿ. ಗ್ಯಾಸ್ ಸಿಲಿಂಡರ್ ನೆಟ್ಟಗೆ ನಿಂತು, ಬಿಗಿದು, ಬಂದ್ ಆಗಿರಲಿ. ಟೈರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿಗಳಿರುತ್ತವೆ: 2318 ಎಂದಿದ್ದರೆ 2018ರ 23ನೆಯ ವಾರ. ನಿಂತೇ ಇದ್ದ ಕ್ಯಾರವಾನ್‌ಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ಹೊಸದು ಹಾಕಿಸಲು ಹಿಂಜರಿಯಬೇಡಿ. ತಾಯಿಯವರಿಗೆ ಕಾಲು ಚಾಚಲು ಅನುಕೂಲವೆಂದು ಓಡುವ ಕ್ಯಾರವಾನ್‌ನಲ್ಲಿ ಮಲಗಿಸಬೇಡಿ. ಎಲ್ಲರೂ ಕಾರಿನಲ್ಲೇ, ಬೆಲ್ಟ್ ಹಾಕಿಕೊಂಡೇ ಕೂರಬೇಕು.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್‌ಗೆ ತನ್ನದೇ ನೋಂದಣಿ ಬೇಕು, ಎಳೆಯುವ ಕಾರಿನ ನಂಬರನ್ನೂ ಅದರ ಮೇಲೆ ತೋರಿಸಬೇಕು. ಪರಿಚಯದವರಿಂದ ಕೊಂಡಿದ್ದೀರಿ, ಹೆಸರು ಬದಲಾಯಿಸಿಕೊಳ್ಳಿ. ಕೊಂಡಿ ಹಾಕಿಸಿದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸಿ.

ಇನ್ನು ದಾರಿ. ದೀಪಾವಳಿಗೆ ಗೋವಾ ಬೇಡ, ಚೋರ್ಲಾ ಅಂತೂ ಮೊದಲ ಸಲಕ್ಕೆ ಬೇಡವೇ ಬೇಡ. ಹಬ್ಬದ ದಟ್ಟಣೆ, ಕಿರಿದಾದ ರಸ್ತೆ, ಒಂದರ ಹಿಂದೊಂದು ತಿರುವು. ಎದುರಿನಿಂದ ಲಾರಿ ಬಂದರೆ ಕ್ಯಾರವಾನ್ ಹಿಂದಕ್ಕೆ ತೆಗೆಯಲು ನಿಮಗಿನ್ನೂ ಬಾರದು. ಇದೇ ಕಾರಣಕ್ಕೆ ತಾಮ್ಹಿಣಿ ಘಾಟೂ ಬೇಡ, ಅಂಬೋಲಿ ಘಾಟೂ ಬೇಡ. ಈ ರಜೆಯಲ್ಲಿ ಸೋಲಾಪುರ ಹೆದ್ದಾರಿ ಹಿಡಿದು ಭಿಗವಣಕ್ಕೆ ಹೋಗಿ ಬನ್ನಿ. ಘಾಟ್ ಇಲ್ಲ, ಸುಮಾರು 100 ಕಿಲೊಮೀಟರ್, ಉಜನಿ ಹಿನ್ನೀರಿನ ಹಕ್ಕಿಗಳನ್ನು ಮಕ್ಕಳೂ ನೋಡಿದಂತಾಗುತ್ತದೆ. ಗಂಟೆಗೆ 70 ದಾಟಬೇಡಿ. ಮುಂದಿನ ವಾಹನಕ್ಕೆ ಎಂದಿನ ಎರಡರಷ್ಟು ಅಂತರ ಬಿಡಿ. ಊರುಗಳ ಉಬ್ಬುಗಳನ್ನು ನಡಿಗೆಯ ವೇಗದಲ್ಲಿ ದಾಟಿ. ಕಾರು ಇಳಿದ ಮೇಲೆ ಕ್ಯಾರವಾನ್ ಇನ್ನೂ ಏರಬೇಕಿರುತ್ತದೆ. ತಿರುವಿನಲ್ಲಿ ಅದರ ಚಕ್ರ ಒಳಗೆ ಕತ್ತರಿಸಿಕೊಂಡು ಬರುತ್ತದೆ, ಆದ್ದರಿಂದ ಸ್ವಲ್ಪ ಮುಂದೆ ಹೋಗಿ ತಿರುಗಿಸಿ. ಪೆಟ್ರೋಲ್ ಪಂಪಿನಲ್ಲಿ ನೇರವಾಗಿ ಹೊರಬರುವ ದಾರಿ ಕಂಡರೆ ಮಾತ್ರ ಒಳಗೆ ಹೋಗಿ.

ಆಮೇಲೆ ಜನವರಿಯಲ್ಲಿ ಗೋವಾ. ಬೆಳಗಾವಿ ಸುಮಾರು 340 ಕಿಲೊಮೀಟರ್, ಮೊದಲ ದಿನ ಅಷ್ಟೇ ಸಾಕು. ಮರುದಿನ ಬೆಳಕು ಹರಿದ ಮೇಲೆ ಖಾನಾಪುರ, ಅನಮೋಡ ಘಾಟ್, ಮೊಲೆಂ ದಾರಿ ಹಿಡಿಯಿರಿ. ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಗೋವಾದ ಹಳ್ಳಿಯ ರಸ್ತೆಗಳು ಕಲ್ಲಿನ ಗೋಡೆಗಳ ನಡುವೆ ಬಹಳ ಕಿರಿದು. ಕ್ಯಾರವಾನನ್ನು ಒಂದೇ ಕಡೆ ನಿಲ್ಲಿಸಿ, ಸುತ್ತಾಟಕ್ಕೆ ಬರೀ ಕಾರು ಒಯ್ಯಿರಿ.

ಅದಕ್ಕೂ ಮೊದಲು ಖಾಲಿ ಮೈದಾನದಲ್ಲಿ ಹಿಂದಕ್ಕೆ ತೆಗೆಯುವುದನ್ನು ಕಲಿಯಬೇಕು. ಸ್ಟೀರಿಂಗನ್ನು ಕೆಳತುದಿಯಲ್ಲಿ ಹಿಡಿಯಿರಿ: ಕೈ ಎಡಕ್ಕೆ ಸರಿದರೆ ಕ್ಯಾರವಾನ್‌ನ ಹಿಂಭಾಗ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಸ್ವಲ್ಪವೇ ತಿರುಗಿಸಿ, ಕಾಯಿರಿ, ಸರಿಪಡಿಸಿ. ಕಾರಿಗೂ ಕ್ಯಾರವಾನ್‌ಗೂ ನಡುವಿನ ಕೋನ ಹೆಚ್ಚಾಗುತ್ತಿದ್ದರೆ ಹಿಂದಕ್ಕೆ ಹೋಗುತ್ತಲೇ ತಿದ್ದಲು ಹೋಗದೆ ಮುಂದಕ್ಕೆ ಬಂದು ನೆಟ್ಟಗೆ ಮಾಡಿಕೊಳ್ಳಿ. ನಿಮ್ಮ ಮನೆಯವರೂ ಜೊತೆಗೇ ಕಲಿಯಲಿ. ಓಡಿಸುವವರು ಒಬ್ಬರು, ಹೊರಗೆ ನಿಂತು ದಾರಿ ತೋರಿಸುವವರು ಒಬ್ಬರು ಇರಬೇಕು. ತೋರಿಸುವವರು ಕನ್ನಡಿಯಲ್ಲಿ ಕಾಣದಾದ ಕ್ಷಣ ಗಾಡಿ ನಿಲ್ಲಬೇಕು.

ಕಾರಿನ ಮಾದರಿ, ಕೈಪಿಡಿಯಲ್ಲಿರುವ ಎಳೆಯುವ ಮಿತಿ, ಕ್ಯಾರವಾನ್ ಫಲಕದ ಮೇಲಿನ ಗರಿಷ್ಠ ತೂಕ, ಅದಕ್ಕೆ ಬ್ರೇಕ್ ಇದೆಯೇ ಎಂಬುದು, ಈ ನಾಲ್ಕನ್ನು ಕೆಳಗೆ ಬರೆಯಿರಿ. ನಿಮ್ಮ ಗಾಡಿಗೆ ಎಷ್ಟು ಸಾಮಾನು ತುಂಬಬಹುದೆಂದು ಲೆಕ್ಕ ಹಾಕಿ ಹೇಳುತ್ತೇನೆ.