ಗಡಿಯಾರ ಬದಲಿಸುವ ದಿನಾಂಕಗಳನ್ನು ಬಾಯಿಪಾಠ ಮಾಡಿದರೆ ಸಾಕೇ?

ಲಂಡನ್ ಮತ್ತು ನ್ಯೂಯಾರ್ಕಿನವರೊಂದಿಗೆ ಬೆಂಗಳೂರಿನಿಂದ ಕೆಲಸ ಮಾಡುವ ನೀವು ಗಡಿಯಾರ ಬದಲಾಗುವ ದಿನಗಳ ಪಟ್ಟಿ ಕೇಳಿದ್ದೀರಿ. ಅಂಥದೊಂದು ಪಟ್ಟಿ ನನ್ನ ತಲೆಯಲ್ಲೂ ಇತ್ತು. ನನಗೆ ಕೈಕೊಟ್ಟದ್ದು ಅದೇ.

2024ರ ಅಕ್ಟೋಬರ್ 28ರ ಸೋಮವಾರ, ಲಂಡನ್ನಿನವರ ಬೆಳಗಿನ ಹತ್ತು ಗಂಟೆಯ ಮೀಟಿಂಗು ನಮ್ಮಲ್ಲಿ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಗೆ ಸರಿಯಿತು. ಹಿಂದಿನ ದಿನವಷ್ಟೇ ಅಲ್ಲಿ ಬೇಸಿಗೆ ಸಮಯ, ಅಂದರೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಳ್ಳುವ ಅವಧಿ, ಮುಗಿದಿತ್ತು. ಮರುದಿನ ನ್ಯೂಯಾರ್ಕಿನ ಕಂಪನಿಯೊಂದರ ಜೊತೆ ಅವರ ಬೆಳಗಿನ ಒಂಬತ್ತಕ್ಕೆ ನನ್ನ ಸಂದರ್ಶನವಿತ್ತು. ಸಂಜೆ ಆರೂವರೆ ಎಂದು ಸರಿಯಾಗಿಯೇ ಬರೆದಿಟ್ಟುಕೊಂಡಿದ್ದವನು, ಲಂಡನ್ನಿನವರು ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ ನ್ಯೂಯಾರ್ಕಿನವರೂ ಹಾಕಿರಲೇಬೇಕು ಎಂದುಕೊಂಡು ಅದನ್ನು ಏಳೂವರೆ ಎಂದು ತಿದ್ದಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊರಗಿನ ಪಟಾಕಿ ಸದ್ದು ಕೇಳದಿರಲೆಂದು ಕಿಟಕಿ ಮುಚ್ಚಿ, ಐದು ನಿಮಿಷ ಮೊದಲೇ ಲಿಂಕ್ ಒತ್ತಿದರೆ ಅಲ್ಲಿ ಯಾರೂ ಇರಲಿಲ್ಲ. 'ನಿಮಗಾಗಿ ಕಾದೆವು' ಎಂಬ ಇಮೇಲ್ 6:50ಕ್ಕೇ ಬಂದು ಬಿದ್ದಿತ್ತು. ಇನ್ನೊಂದು ಅವಕಾಶ ಅವರು ಕೊಡಲಿಲ್ಲ.

ಬ್ರಿಟನ್ ಸೇರಿ ಯುರೋಪಿನ ಬಹುತೇಕ ದೇಶಗಳು ಗಡಿಯಾರ ಬದಲಿಸುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ಅಮೆರಿಕ 2007ರಿಂದ ಮಾರ್ಚಿನ ಎರಡನೇ ಭಾನುವಾರ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಹಾಕುತ್ತದೆ. ಹೀಗಾಗಿ ಮಾರ್ಚಿನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಲಂಡನ್–ನ್ಯೂಯಾರ್ಕ್ ನಡುವಿನ ಅಂತರ ಐದರ ಬದಲು ನಾಲ್ಕೇ ಗಂಟೆ. ನಾನು ಜಾರಿ ಬಿದ್ದದ್ದು ಆ ಒಂದು ವಾರದ ಸಂದಿನಲ್ಲಿ.

ಆದರೆ ನನ್ನ ನಿಜವಾದ ತಪ್ಪು ದಿನಾಂಕ ಗೊತ್ತಿಲ್ಲದಿದ್ದುದಲ್ಲ. ಸಂದರ್ಶನವನ್ನು 'ಬೆಳಿಗ್ಗೆ 9, ನ್ಯೂಯಾರ್ಕ್' ಎಂದೇ ಕ್ಯಾಲೆಂಡರಿಗೆ ಹಾಕಿದ್ದರೆ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತಿತ್ತು; ನಾನು ಭಾರತದ ಸಮಯಕ್ಕೆ ಪರಿವರ್ತಿಸಿ ಬರೆದೆ, ಆಮೇಲೆ ಆ ಪರಿವರ್ತನೆಯನ್ನು ಮತ್ತೆ ಕೈಯಾರೆ ತಿದ್ದಿದೆ. ಗಡಿಯಾರ ಬದಲಾಗುವುದು ಅವರ ಊರಿನಲ್ಲಿ, ನಮ್ಮಲ್ಲಲ್ಲ ಎಂದಾದರೆ ಸಮಯವನ್ನು ಅವರ ಊರಿನ ಹೆಸರಿನಲ್ಲೇ ಬರೆದಿಡಬೇಕು.

ಆದ್ದರಿಂದ ಪಟ್ಟಿಯ ಗೋಜಿಗೇ ಹೋಗಬೇಡಿ. ದೇಶದ ಹೆಸರು ನೆಚ್ಚಿಕೊಂಡರೂ ಕೆಟ್ಟಿರಿ: ಅಮೆರಿಕದೊಳಗೇ ಫೀನಿಕ್ಸ್ ನಗರ ಗಡಿಯಾರ ಮುಟ್ಟುವುದಿಲ್ಲ, ಆಸ್ಟ್ರೇಲಿಯದಲ್ಲಿ ಸಿಡ್ನಿ ಅಕ್ಟೋಬರಿನ ಮೊದಲ ಭಾನುವಾರ ಮುಂದಕ್ಕೆ ಹಾಕಿದರೆ ಬ್ರಿಸ್ಬೇನ್ ಸುಮ್ಮನಿರುತ್ತದೆ. ನಿಮ್ಮ ಮೀಟಿಂಗುಗಳಲ್ಲಿ ಭಾರತದ ಸಮಯ ಹಾಕಿಟ್ಟಿರುವವನ್ನು ಇಂದೇ ತೆರೆದು, ಸಮಯವಲಯದ ಜಾಗದಲ್ಲಿ ಕೋಲ್ಕತ್ತ (ಭಾರತದ ಸಮಯಕ್ಕೆ ಕ್ಯಾಲೆಂಡರ್ ಕೊಡುವ ಹೆಸರು) ಎಂದಿದ್ದರೆ ನ್ಯೂಯಾರ್ಕ್ ಅಥವಾ ಲಂಡನ್ ಎಂದು ಬದಲಿಸಿ, ಗಂಟೆಯನ್ನೂ ಅವರ ಊರಿನದೇ ಹಾಕಿ.