ಗುಹೆಯೊಳಗಿನ ಹೊಳೆಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಅಮ್ಮ ಹಾಸನದಿಂದ ಬಂದಿದ್ದಾರೆ, 61 ವರ್ಷ. ಮಾರ್ಚ್‌ನಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶಕ್ಕೆ ಹೋಗುವ ಯೋಚನೆ ಇದೆ. ಅಲ್ಲಿ ಕೇವ್ಸ್ ಬ್ರಾಂಚ್ ಹೊಳೆಯಲ್ಲಿ ಗಾಳಿ ತುಂಬಿದ ರಬ್ಬರ್ ಟ್ಯೂಬ್ ಮೇಲೆ ಕೂತು ಗುಹೆಗಳನ್ನು ದಾಟುವ ಟ್ರಿಪ್ ಅಮ್ಮನಿಗೆ ತುಂಬಾ ಇಷ್ಟವಾಗಿದೆ. ಆದರೆ ಅವರಿಗೆ ಈಜು ಬರುವುದಿಲ್ಲ, ಮಂಡಿನೋವೂ ಸ್ವಲ್ಪ ಇದೆ. ಕರೆದುಕೊಂಡು ಹೋಗಬಹುದಾ?

ಉತ್ತರ: ಈಜು ಬರದಿದ್ದರೂ ಹೋಗಬಹುದು, ಆದರೆ ಮೊದಲು ಮಂಡಿಯ ವಿಷಯ ಯೋಚಿಸಿ. ಎಲ್ಲರೂ ನೀರಿಗೇ ಹೆದರುತ್ತಾರೆ, ನಿಜವಾದ ಕೆಲಸ ಇರೋದು ಕಾಲಿಗೆ. ನೊಹೋಚ್ ಚೆಎನ್ ಎಂಬ ಸಂರಕ್ಷಿತ ಜಾಗದಲ್ಲಿ ವ್ಯಾನ್ ಇಳಿದ ಮೇಲೆ ಸುಮಾರು ಅರ್ಧ ಗಂಟೆ ಕಾಡಿನಲ್ಲಿ ನಡೆಯಬೇಕು, ದಾರಿಯಲ್ಲಿ ಹೊಳೆಯನ್ನು ನಡೆದೇ ದಾಟಬೇಕು, ಅದೂ ಜಾರುವ ಕಲ್ಲುಗಳ ಮೇಲೆ. ಟ್ಯೂಬ್‌ನೊಳಗೆ ತಗ್ಗಾಗಿ ಕೂತವರು ಕೊನೆಯಲ್ಲಿ ಎದ್ದು ನಿಲ್ಲಬೇಕಲ್ವಾ, ಮಂಡಿ ನೋವಿದ್ದವರಿಗೆ ಅದೇ ಕಷ್ಟ. ಹಾಗಾಗಿ ಅಮ್ಮ ಮನೆ ಹತ್ತಿರದ ಪಾರ್ಕಿನ ಏರುತಗ್ಗಿನಲ್ಲಿ ಒಂದು ಗಂಟೆ ಆರಾಮಾಗಿ ನಡೆಯುತ್ತಾರಾ ಅಂತ ಈಗಲೇ ನೋಡಿಕೊಳ್ಳಿ. ನಡೆದರೆ ಧೈರ್ಯವಾಗಿ ಹೊರಡಿ. ಬುಕ್ ಮಾಡುವಾಗಲೇ ಮಂಡಿನೋವಿನ ವಿಷಯ ಗೈಡ್‌ಗೆ ಹೇಳಿಬಿಡಿ, ಮುಚ್ಚಿಡಬೇಡಿ.

ನೀರಿಗಿಳಿದ ಮೇಲೆ ಲೈಫ್ ಜಾಕೆಟ್, ಹೆಲ್ಮೆಟ್, ಹಣೆಯ ಮೇಲೆ ದೀಪ, ಎಲ್ಲಾ ಕೊಡುತ್ತಾರೆ. ಸಾಮಾನ್ಯವಾಗಿ ಒಂದೊಂದು ಗುಂಪಿನ ಟ್ಯೂಬ್‌ಗಳು ಒಟ್ಟಿಗೇ ಸೇರಿಕೊಂಡು ತೇಲುತ್ತವೆ, ಗೈಡ್ ನೀರಿನಲ್ಲೇ ಜೊತೆಗಿರುತ್ತಾನೆ. ಮಾರ್ಚ್ ಅಲ್ಲಿ ಮಳೆಯಿಲ್ಲದ ಕಾಲ, ಹೊಳೆ ಸೌಮ್ಯವಾಗಿರುತ್ತದೆ. ಕೆಲವು ಕಡೆ ನೀರು ಎಷ್ಟು ಕಡಿಮೆ ಇರುತ್ತದೆ ಅಂದರೆ ಕೆಳಗಿನ ಕಲ್ಲು ತಾಗದಂತೆ ಸೊಂಟ ಎತ್ತಿ ಅಂತ ಗೈಡ್ ಕೂಗುತ್ತಾನೆ, ಕೂಗಿದ ತಕ್ಷಣ ಎತ್ತಬೇಕು. ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಸೀರೆ, ದುಪ್ಪಟ್ಟಾ ಬೇಡವೇ ಬೇಡ. ನೀರು ತಣ್ಣಗಿರುತ್ತದೆ, ಒಣ ಬಟ್ಟೆ ವ್ಯಾನ್‌ನಲ್ಲಿಡಿ.

ಅಮ್ಮ ಸಸ್ಯಾಹಾರಿಯಾದರೆ ಇನ್ನೊಂದು ಮಾತು. ಅಲ್ಲಿನ ಮಾಮೂಲಿ ಊಟ ತೆಂಗಿನ ಹಾಲು ಹಾಕಿ ಮಾಡುವ ಅನ್ನ ಮತ್ತು ಕೆಂಪು ಕಾಳು. ಕೇಳುವಾಗ ನಮ್ಮದೇ ಊಟ ಅನ್ನಿಸುತ್ತದೆ, ಆದರೆ ಆ ಕಾಳಿಗೆ ಎಷ್ಟೋ ಕಡೆ ಹಂದಿ ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ. ಕೇಳಿಯೇ ಬಡಿಸಿಕೊಳ್ಳಿ. ರೇಟ್ ಹೇಳಿದಾಗ ಯಾವ ಡಾಲರ್ ಅಂತಲೂ ಕೇಳಿ, ಬೆಲೀಜ್‌ನ 2 ಡಾಲರ್ ಸೇರಿದರೆ ಅಮೆರಿಕದ 1 ಡಾಲರ್.

ಪ್ರಶ್ನೆ: ನಮಗೆ ಮಕ್ಕಳ ಸ್ಕೂಲ್ ರಜೆ ಇರೋದು ಜುಲೈನಲ್ಲಿ. ಆಗ ಟ್ಯೂಬಿಂಗ್ ನಡೆಯುತ್ತದಾ? ಬುಕ್ ಮಾಡಿದ ಮೇಲೆ ಕ್ಯಾನ್ಸಲ್ ಆದರೆ ಏನು ಮಾಡೋದು?

ಉತ್ತರ: ನಡೆಯುತ್ತದೆ, ಹೊಳೆ ಒಪ್ಪಿದರೆ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಮಳೆಗಾಲ. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ ಸಾಕು, ಹೊಳೆ ಏರುತ್ತದೆ. ಬಯಲಿನ ಹೊಳೆಯಾದರೆ ದಡಕ್ಕೆ ಬರಬಹುದು, ಗುಹೆಯೊಳಗೆ ಎರಡೂ ಕಡೆ ಗೋಡೆ, ತಲೆಯ ಮೇಲೆ ಬಂಡೆ. ನೀರು ಏರಿದಷ್ಟೂ ಉಸಿರಾಡುವ ಜಾಗ ಕಡಿಮೆ. ಆದ್ದರಿಂದ ಗೈಡ್ ಇವತ್ತು ಬೇಡ ಅಂದರೆ ಬೇಡ. ದುಡ್ಡು ಕೊಟ್ಟಿದ್ದೇವೆ, ಇಷ್ಟು ದೂರ ಬಂದಿದ್ದೇವೆ ಅಂತ ದಯವಿಟ್ಟು ವಾದ ಮಾಡಬೇಡಿ. ಒಬ್ಬ ಬೇಡ ಅಂದಾಗ ಬನ್ನಿ ನಾನು ಕರೆದುಕೊಂಡು ಹೋಗುತ್ತೇನೆ ಅನ್ನುವ ಇನ್ನೊಬ್ಬನ ಹಿಂದೆ ಅಂತೂ ಹೋಗಲೇಬೇಡಿ, ಅದರಲ್ಲೂ ಮಕ್ಕಳನ್ನು ಕಟ್ಟಿಕೊಂಡು. ಬೆಲೀಜ್‌ನಲ್ಲಿ ಗೈಡ್‌ಗಳಿಗೆ ಲೈಸೆನ್ಸ್ ಕಡ್ಡಾಯ, ಕೇಳಿ ನೋಡಿ. ಟ್ರಿಪ್ ಅನ್ನು ಪ್ರವಾಸದ ಮೊದಲ ದಿನಗಳಲ್ಲೇ ಇಟ್ಟುಕೊಂಡರೆ ತಪ್ಪಿಹೋದರೂ ಮತ್ತೊಂದು ದಿನ ಕೈಯಲ್ಲಿರುತ್ತದೆ. ಕ್ಯಾನ್ಸಲ್ ಆದರೆ ದುಡ್ಡು ವಾಪಸ್ಸಾ, ಬೇರೆ ದಿನವಾ ಅನ್ನೋದನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ: ಗುಹೆಯಲ್ಲಿ ಏನನ್ನೂ ಮುಟ್ಟಬಾರದು ಅಂತಾರೆ. ಕಲ್ಲು ತಾನೇ, ಮುಟ್ಟಿದರೆ ಏನಾಗುತ್ತದೆ?

ಉತ್ತರ: ಅದು ಸುಣ್ಣಕಲ್ಲಿನ ಗುಹೆ. ಮೇಲಿಂದ ತೊಟ್ಟಿಕ್ಕುವ ನೀರಿನಲ್ಲಿ ಕರಗಿದ ಸುಣ್ಣ ಒಂದೊಂದು ಹನಿಯಲ್ಲಿ ಉಳಿದುಕೊಂಡು, ಸಾವಿರಾರು ವರ್ಷಗಳಲ್ಲಿ ಆ ಕಂಬಗಳು, ತೂಗುವ ಕಲ್ಲುಗಳು ಬೆಳೆದಿವೆ, ಕೆಲವು ಇನ್ನೂ ಬೆಳೆಯುತ್ತಿವೆ. ನಮ್ಮ ಕೈಯ ಎಣ್ಣೆ ಅಂಟಿದ ಕಡೆ ಸುಣ್ಣ ಸರಿಯಾಗಿ ಕೂರುವುದಿಲ್ಲ, ಕಲ್ಲೂ ಕಪ್ಪಾಗುತ್ತದೆ.

ಜೊತೆಗೆ ಅದು ಪೂಜೆಯ ಜಾಗ. ಆ ಭಾಗದ ಮೂಲನಿವಾಸಿಗಳಾದ ಹಳೆಯ ಮಾಯಾ ಜನರಿಗೆ ಇಂಥ ಗುಹೆಗಳು ಶಿಬಾಲ್ಬಾ ಎಂಬ ಪಾತಾಳಲೋಕದ ಬಾಗಿಲು. ಮಳೆಯ ದೇವರು ಚಾಕ್‌ಗೆ ಮಡಕೆಗಳಲ್ಲಿ ಕಾಣಿಕೆ ಇಡಲು ಅವರು ಕತ್ತಲೊಳಗೆ ಬರುತ್ತಿದ್ದರು. ಮಾಯಾ ಜನ ಬೆಲೀಜ್‌ನಲ್ಲಿ ಇಂದಿಗೂ ಇದ್ದಾರೆ, ಅದು ಅವರ ಹಿರಿಯರ ಜಾಗ. ಅದೇ ದೇಶದ ಆಕ್ಟುನ್ ಟುನಿಚಿಲ್ ಮುಕ್ನಾಲ್ ಗುಹೆಯಲ್ಲಿ 2012ರಲ್ಲಿ ಪ್ರವಾಸಿಯೊಬ್ಬರ ಕ್ಯಾಮೆರಾ ಕೈಜಾರಿ ಸಾವಿರ ವರ್ಷಕ್ಕೂ ಹಳೆಯ ತಲೆಬುರುಡೆಯ ಮೇಲೆ ಬಿತ್ತು, ಬುರುಡೆ ಒಡೆಯಿತು. ಆಮೇಲೆ ಅಲ್ಲಿಗೆ ಕ್ಯಾಮೆರಾ ಒಯ್ಯುವುದನ್ನೇ ನಿಲ್ಲಿಸಿದರು. ಟ್ಯೂಬ್ ಗೋಡೆಯ ಕಡೆ ಹೋದಾಗ ಕೈ ಚಾಚಬೇಡಿ, ಗೈಡ್‌ನನ್ನು ಕೂಗಿ, ಅವನೇ ಎಳೆದುಕೊಳ್ಳುತ್ತಾನೆ.