ಅಪ್ಪ ಚೆಕಪ್‌ಗೆ ಬರೋದೇ ಇಲ್ಲ ಅಂತಾರೆ, ಹೇಗೆ ಒಪ್ಪಿಸೋದು? ಯಾವ ಟೆಸ್ಟ್ ಸಾಕು?

ವಯಸ್ಸು 52, ಕಿರಾಣಿ ಅಂಗಡಿ, ಅಡಿಕೆ-ತಂಬಾಕಿನ ಚಟ, ಕೇಳಿದರೆ "ನಂಗೇನಾಗಿದೆ?" ಅಂತಾರೆ ಎಂದು ಬರೆದಿದ್ದೀರಿ. ಹಾಗಿದ್ದರೆ 'ಫುಲ್ ಬಾಡಿ ಚೆಕಪ್' ಅನ್ನೋ ಮಾತನ್ನೇ ಎತ್ತಬೇಡಿ. ಅದನ್ನು ಕೇಳಿದ ಕೂಡಲೇ ಅವರ ಕಣ್ಣೆದುರು ಬರೋದು ಮುಚ್ಚಿದ ಅಂಗಡಿ, ಸಾವಿರಗಟ್ಟಲೆ ಬಿಲ್ಲು, ಜೊತೆಗೆ "ಹೋದ್ರೆ ಏನಾದ್ರೂ ಒಂದು ಹೇಳೇ ಹೇಳ್ತಾರೆ" ಅನ್ನೋ ಅಳುಕು.

ಮನೆಯಲ್ಲೇ ಬಿಪಿ ನೋಡುವುದರಿಂದ ಶುರು ಮಾಡಿ. ತೋಳಿಗೆ ಸುತ್ತುವ ಡಿಜಿಟಲ್ ಮಿಷನ್ ಇರಲಿ, ಮಣಿಕಟ್ಟಿನದು ಬೇಡ. ಕಾಫಿ, ತಂಬಾಕು ಮುಗಿದು ಅರ್ಧ ಗಂಟೆ ಆಗಿರಬೇಕು. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕೂರಿಸಿ. ಕೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತುವುದು, ಕಾಲ ಮೇಲೆ ಕಾಲು ಹಾಕುವುದು, ನಡುವೆ ಮಾತಾಡುವುದು: ಅಳತೆ ಕೆಡೋದು ಹೆಚ್ಚಾಗಿ ಇದರಿಂದಲೇ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಬೆಳಿಗ್ಗೆ, ಸಂಜೆ ಒಂದು ವಾರ ಅವರ ಕೈಯಲ್ಲೇ ಬರೆಸಿ. ಉದ್ರಿ ಲೆಕ್ಕ ಬರೆದು ರೂಢಿ ಇರುವವರು ಮಗ ಹೇಳಿದ್ದನ್ನು ನಂಬದಿದ್ದರೂ ತಾವೇ ಬರೆದ ಅಂಕಿಯನ್ನು ನಂಬುತ್ತಾರೆ. ಸರಾಸರಿ 135/85 ಮುಟ್ಟಿದರೆ ಆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ.

ಮುಂದಿನದು ರಕ್ತ. ಬೆಳಿಗ್ಗೆ ಬೇಗ ತೆಗೆಯುವ ಲ್ಯಾಬ್‌ಗೆ ಹೋದರೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ವಾಪಸ್ಸು. ರಾತ್ರಿ ಊಟ ಆಗಿ ಕನಿಷ್ಠ 8 ಗಂಟೆ ಬರೀ ನೀರು. "ಅರ್ಧ ಲೋಟ ಟೀ ತಾನೇ" ಅಂದರೆ ಫಾಸ್ಟಿಂಗ್ ಕೆಟ್ಟಿತು. ಶುಗರ್ 100ರಿಂದ 125 ಇದ್ದರೆ ಎಚ್ಚರಿಕೆ. 126 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಲಿಪಿಡ್ (ಕೊಲೆಸ್ಟ್ರಾಲ್), ಕ್ರಿಯಾಟಿನಿನ್ (ಕಿಡ್ನಿಗೆ), ಮೂತ್ರ ಪರೀಕ್ಷೆ. ಸದ್ಯಕ್ಕೆ ಇಷ್ಟು ಸಾಕು. "80 ಟೆಸ್ಟ್" ಪ್ಯಾಕೇಜಿಗೆ ಮರುಳಾಗಬೇಡಿ, ರಕ್ತಕಣ ಎಣಿಸುವ ಒಂದೇ ಸಿಬಿಸಿಯನ್ನು ಇಪ್ಪತ್ತು ಚಿಲ್ಲರೆ ಟೆಸ್ಟ್ ಅಂತ ಎಣಿಸಿರುತ್ತಾರೆ. ಪ್ರಾಸ್ಟೇಟ್ ಗ್ರಂಥಿಗೆ ಮಾಡುವ ಪಿಎಸ್‌ಎ ಟೆಸ್ಟ್ ಕೂಡ ಡಾಕ್ಟರನ್ನು ಕೇಳದೆ ಬೇಡ. ಮೂತ್ರದ ಸೋಂಕಿದ್ದರೂ ಅದು ಏರುತ್ತೆ, ಸುಮ್ಮನೆ ಗಾಬರಿ.

ನಿಮ್ಮ ತಂದೆಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಎಷ್ಟೋ ಪ್ಯಾಕೇಜಲ್ಲಿ ಇಲ್ಲದ್ದು, ಬಾಯಿ ಪರೀಕ್ಷೆ. ತಂಬಾಕು ಒತ್ತರಿಸುವ ಕೆನ್ನೆಯ ಒಳಭಾಗ ಮತ್ತು ನಾಲಿಗೆಯ ಅಡಿಯನ್ನು ಟಾರ್ಚ್ ಹಾಕಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಉದ್ದುದ್ದಕ್ಕೆ ಹಿಡಿಸದಷ್ಟು ಬಾಯಿ ಬಿಗಿತ: ಯಾವುದಿದ್ದರೂ ದಂತವೈದ್ಯರಿಗೆ ಆ ವಾರವೇ ತೋರಿಸಿ.

ದುಡ್ಡಿನ ಮಾತು ಬಂದರೆ, 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಹೊರಗೆ ಮಾಡಿಸಿದರೆ ರಸೀದಿ ಎತ್ತಿಡಿ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಚೆಕಪ್ ಖರ್ಚಿಗೆ ತೆರಿಗೆ ಲೆಕ್ಕದ ಆದಾಯದಲ್ಲಿ ವರ್ಷಕ್ಕೆ 5,000 ರೂಪಾಯಿವರೆಗೆ ಕಡಿತ ಸಿಗುತ್ತೆ, ನಗದು ಕೊಟ್ಟಿದ್ದರೂ.